ಚಳಿಗೆ ಸಜ್ಜಾಗುವ ಹಿತ್ತಲು

ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಗೆ ಹೊಂದಿಕೊಂಡ ಒಂದು ಊರು. ಊರಿನ ಹಳೆಯ ಮನೆಗಳೆಲ್ಲ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯವು. ಅಂಥದೊಂದು ಮನೆಯ ಹಿಂಬಾಗಿಲು ತೆರೆದರೆ ಬಚ್ಚಲ ನೀರು ಹರಿದುಹೋಗುವ ಕಡೆಗೆ ಪುಟ್ಟ ಹಿತ್ತಲು. ಅಗಲ ಇಪ್ಪತ್ತು ಹೆಜ್ಜೆ, ಉದ್ದ ಮೂವತ್ತು ಹೆಜ್ಜೆ. ಮೂಲೆಯಲ್ಲಿ ಬೇವಿನ ಮರ, ಅದರಾಚೆ ಪೇರಲ, ಗೋಡೆಗುಂಟ ಸೀತಾಫಲ. ಬಟ್ಟೆ ಒಗೆಯುವ ಶಹಾಬಾದ್ ಫರಸಿಯ ಪಕ್ಕದಲ್ಲಿ ಬದನೆ, ಮೆಣಸಿನ ಗಿಡಗಳು. ದನದ ಕೊಟ್ಟಿಗೆಯ ಮೇಲೆ ಹಬ್ಬಿದ ಹೀರೆ, ಕುಂಬಳ. ನಡುವೆ ಆಳೆತ್ತರ ಬೆಳೆದ ಪುಂಡಿ. ಈ ಹಿತ್ತಲಿನ ಒಡತಿ ಎಪ್ಪತ್ತು ದಾಟಿದ ಆಯಿ. ಅವರ ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ.

ದಸರಾ ರಜೆಯ ಒಂದು ಮಧ್ಯಾಹ್ನ ಹುಡುಗಿ ಇಂಗ್ಲಿಷ್ ಪಾಠ ಓದುತ್ತ ಕುಳಿತಿದ್ದಳು. ಅಕ್ಟೋಬರ್ ಬಂದರೆ ಮರಗಳ ಎಲೆಗಳು ಹಳದಿ, ಕೆಂಪಾಗಿ ಉದುರುತ್ತವೆ ಎಂದು ಪಾಠ ಹೇಳುತ್ತಿತ್ತು. ತಲೆಯೆತ್ತಿ ನೋಡಿದರೆ ಹಿತ್ತಲಿನ ಬೇವು ಹಸಿರಾಗಿ ನಿಂತಿದೆ, ಪೇರಲ ಮಿರುಗುತ್ತಿದೆ, ಸೀತಾಫಲದಲ್ಲಿ ಕಾಯಿ ಕಣ್ಣು ಬಿಡುತ್ತಿವೆ.

“ಆಯಿ, ನಮ್ಮ ಹಿತ್ತಲದಾಗ ಎಲಿ ಯಾಕ ಉದುರವಲ್ಲವು?”

ಕಳೆ ಕೀಳುತ್ತಿದ್ದ ಆಯಿ ಕೈ ನಿಲ್ಲಿಸಲಿಲ್ಲ. “ಇನ್ನಾ ದೀಪಾವಳಿ ಬಂದಿಲ್ಲ, ಎಲಿ ಯಾಕ ಉದುರತಾವ ಯವ್ವಾ? ಅವು ಉದುರೂದು ಹೋಳಿ ಹುಣ್ಣಿಮಿ ಮುಂದ.”

ಪಾಠವೂ ತಪ್ಪಲ್ಲ, ಆಯಿಯ ಮಾತೂ ತಪ್ಪಲ್ಲ. ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ನೆಲದ ಮಾತು. ಇಂಗ್ಲೆಂಡಿನಂಥ ದೇಶಗಳಲ್ಲಿ ಮರಗಳಿಗೆ ಕಷ್ಟದ ಕಾಲವೆಂದರೆ ಚಳಿಗಾಲ. ನೆಲದ ನೀರು ಹೆಪ್ಪುಗಟ್ಟುವ ಮೊದಲೇ ಅವು ಎಲೆ ಕಳಚಿ ಹಗುರಾಗುತ್ತವೆ. ದಖ್ಖನ್ನಿನ ಬಯಲುಸೀಮೆಯಲ್ಲಿ ಮರಗಳಿಗೆ ಕಷ್ಟದ ಕಾಲ ಚಳಿಯಲ್ಲ, ಬರಗು. ಶರದೃತುವಿನಲ್ಲಿ, ಅಂದರೆ ಆಶ್ವಯುಜ-ಕಾರ್ತಿಕಗಳಲ್ಲಿ, ನೆಲದ ತುಂಬ ನೀರಿರುತ್ತದೆ. ಎಲೆ ಉದುರಿಸುವ ಅಗತ್ಯವೇ ಇಲ್ಲ. ಮಾರ್ಗಶಿರ-ಪುಷ್ಯಗಳ ಹೇಮಂತ ದಾಟಿ, ಮಾಘ-ಫಾಲ್ಗುಣಗಳ ಶಿಶಿರ ಬಂದು, ಮಣ್ಣು ಒಣಗಿ ಬಿಸಿಲು ಏರತೊಡಗಿದಾಗ ಇಲ್ಲಿಯ ಮರಗಳು ಎಲೆ ಚೆಲ್ಲುತ್ತವೆ. ನಮ್ಮ ಹಿರಿಯರು ವರ್ಷವನ್ನು ನಾಲ್ಕರ ಬದಲು ಆರು ಋತುಗಳಾಗಿ ಎಣಿಸಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಶರತ್ಕಾಲದಿಂದ ಚಳಿಗಾಲಕ್ಕೆ ಸಾಗುವಾಗ ಇಲ್ಲಿಯ ಹಿತ್ತಲಿನಲ್ಲಿ ಏನೂ ಬದಲಾಗುವುದಿಲ್ಲವೆ? ಬದಲಾಗುತ್ತದೆ, ಬಹಳ ಬದಲಾಗುತ್ತದೆ. ಆದರೆ ಅದನ್ನು ನೋಡಲು ಮರದ ತುದಿಯ ಕಡೆಗಲ್ಲ, ಕಾಲಬುಡದ ಕಡೆಗೆ ಕಣ್ಣು ಹಾಯಿಸಬೇಕು.

ಹಸ್ತ ಮಳೆ ಹೋದ ಮೇಲೆ

ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕುಗಳು, ಆಳಂದ, ಅಫಜಲಪುರ, ಜೇವರ್ಗಿ, ಮಳೆಯ ಮಟ್ಟಿಗೆ ಅಷ್ಟೇನೂ ಅದೃಷ್ಟವಂತವಲ್ಲ. ವರ್ಷಕ್ಕೆ ಬೀಳುವುದು ಸುಮಾರು 700ರಿಂದ 800 ಮಿಲಿಮೀಟರ್. ಅದರಲ್ಲೂ ಹೆಚ್ಚು ಮಳೆ ಸಾಮಾನ್ಯವಾಗಿ ಸೆಪ್ಟೆಂಬರಿನದೇ. ಹುಬ್ಬಿ, ಉತ್ತರಿ, ಹಸ್ತ ಮಳೆಗಳು ಕೈಹಿಡಿದರೆ ವರ್ಷ ಪಾರಾದಂತೆ. ಅಕ್ಟೋಬರ್ ನಡುವಿನ ಹೊತ್ತಿಗೆ ನೈರುತ್ಯ ಮಾರುತ ಹಿಂದೆ ಸರಿಯುತ್ತದೆ. ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಆ ಗಾಳಿ ನೆಲದ ಮೇಲಿಂದ ಬರುವುದರಿಂದ ಒಣ ಗಾಳಿ. ಆಕಾಶ ತೊಳೆದ ತಾಟಿನಂತೆ ಶುಭ್ರವಾಗುತ್ತದೆ.

ಇದೇ ಹೊತ್ತಿಗೆ ಆಯಿ ಹಿತ್ತಲಿನ ಲೆಕ್ಕಪತ್ರ ಮುಗಿಸುತ್ತಾರೆ. ಹೀರೆಬಳ್ಳಿಯ ಎಲೆಗಳ ಮೇಲೆ ಬೂದಿ ಎರಚಿದಂಥ ರೋಗ ಹತ್ತಿದೆ. ಎರಡು ಒಳ್ಳೆಯ ಕಾಯಿಗಳನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಒಣಗಲು ಬಿಟ್ಟು ಉಳಿದದ್ದನ್ನು ಕಿತ್ತು ತಿಪ್ಪೆಗೆ ಹಾಕುತ್ತಾರೆ. ದೀಪಾವಳಿಗೆ ಬಾಗಿಲಿಗೆ ಮಾಲೆಯಾದ ಮೇಲೆ ಉಳಿದ ಚೆಂಡು ಹೂಗಳು ಗಿಡದಲ್ಲೇ ಕಂದಾಗಿ ಒಣಗುತ್ತವೆ. ತೆರವಾದ ಜಾಗವನ್ನು ಅಗೆದು, ಹಳೆಯ ಗೊಬ್ಬರ ಬೆರೆಸಿ, ಸಣ್ಣ ಮಡಿ ಮಾಡಿ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ ಬಿತ್ತುತ್ತಾರೆ. ಉಳ್ಳಾಗಡ್ಡಿ ಸಸಿ ನಾಟುತ್ತಾರೆ. ಊರ ಹೊರಗಿನ ಎರೆ ಹೊಲಗಳಲ್ಲಿ ಬಿಳಿಜೋಳ ಆಗಲೇ ಮೊಳೆತಿರುತ್ತದೆ, ಕಡಲೆ, ಕುಸುಬೆ ನೆಲ ಸೇರಿರುತ್ತವೆ.

ಮಳೆ ನಿಂತ ಮೇಲೆ ಬಿತ್ತಿದ ಬೆಳೆ ಬದುಕುವುದು ಹೇಗೆ? ಇದು ಎರೆಮಣ್ಣಿನ ಗುಣ. ಇದರಲ್ಲಿರುವ ಸ್ಮೆಕ್ಟೈಟ್ ಗುಂಪಿನ ಜೇಡಿ ಕಣಗಳು ಪುಸ್ತಕದ ಹಾಳೆಗಳಂತೆ ಪದರು ಪದರಾಗಿವೆ. ನೀರು ಪದರುಗಳ ನಡುವೆ ಸೇರಿಕೊಂಡಾಗ ಮಣ್ಣು ಉಬ್ಬುತ್ತದೆ, ನೀರು ಹೋದಾಗ ಕುಗ್ಗಿ ಬಿರಿಯುತ್ತದೆ. ಸೆಪ್ಟೆಂಬರಿನಲ್ಲಿ ಕುಡಿದ ನೀರನ್ನು ಎರೆನೆಲ ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ಬೇರಿಗೆ ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಈ ಸೀಮೆಯ ಹೆಸರಾಂತ ಮಾಲದಂಡಿ ಜೋಳ ಬದುಕುವುದು ಹೀಗೆಯೇ, ಚಳಿಯ ಇಬ್ಬನಿಯಲ್ಲಿ ಮತ್ತು ನೆಲದೊಳಗಿನ ಹಸಿಯಲ್ಲಿ. ನೆಲ ಬಿರಿಯತೊಡಗಿದಾಗ ರೈತರು ಎಡೆ ಹೊಡೆಯುವುದು ಬರೀ ಕಳೆ ತೆಗೆಯಲಿಕ್ಕಲ್ಲ. ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚಿಕೊಂಡರೆ ಒಳಗಿನ ಹಸಿ ಆರುವುದಿಲ್ಲ. ಆಯಿ ಬದನೆಯ ಬುಡಕ್ಕೆ ಒಣ ಎಲೆ ಹೊದಿಸುವುದೂ ಅದೇ ಕಾರಣಕ್ಕೆ.

ಇರುಳನ್ನು ಅಳೆಯುವ ಗಿಡಗಳು

ಪುಂಡಿ ಪಲ್ಯ ಎಂದರೆ ಕಲಬುರಗಿ ಸೀಮೆಯವರ ಬಾಯಲ್ಲಿ ನೀರೂರುತ್ತದೆ. ಮಳೆಗಾಲದುದ್ದಕ್ಕೂ ಚಿವುಟಿದಷ್ಟೂ ಚಿಗುರುವ ಈ ಗಿಡ ದಸರೆಯ ಆಚೆ ಈಚೆ ಒಮ್ಮೆಗೇ ಮನಸ್ಸು ಬದಲಿಸುತ್ತದೆ. ಎಲೆ ಒರಟಾಗುತ್ತದೆ, ಕಾಂಡ ನಾರಾಗುತ್ತದೆ, ತುದಿಯಲ್ಲಿ ತಿಳಿ ಹಳದಿಯ, ನಡುವೆ ಕಡುಗೆಂಪಿನ ಹೂ ಅರಳುತ್ತದೆ. ಆಗ ಪಲ್ಯದ ಕಾಲ ಮುಗಿಯಿತು, ನಾರಿನ ಕಾಲ ಬಂತು. ಹಗ್ಗ ಹೊಸೆಯುವ ಮುತ್ಯಾಗಳು ಹೊಲದ ಪುಂಡಿಗಾಗಿ ಕಾಯುತ್ತಿದ್ದುದು ಇದೇ ಹೊತ್ತಿಗೆ.

ಗೋಡೆಗುಂಟ ಹಬ್ಬಿದ ನಾಟಿ ಅವರೆಯ ಕಥೆ ಇನ್ನೂ ಸ್ವಾರಸ್ಯ. ಆಯಿ ಒಂದು ಕಾಳನ್ನು ರೋಹಿಣಿ ಮಳೆಗೆ ಊರಿದ್ದರು, ಇನ್ನೊಂದನ್ನು ಎರಡು ತಿಂಗಳು ತಡವಾಗಿ. ಹೂ ಮಾತ್ರ ಎರಡೂ ಬಳ್ಳಿಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಕಾಣಿಸಿತು, ದೀಪಾವಳಿಯ ಸುಮಾರಿಗೆ. ಬಳ್ಳಿಗೆ ತನ್ನ ವಯಸ್ಸಿಗಿಂತ ಹೊರಗಿನ ಕಾಲ ಮುಖ್ಯ ಎಂದಾಯಿತು. ಅದಕ್ಕೆ ಕಾಲ ತಿಳಿಯುವುದು ಹೇಗೆ?

ಇದೇ ಪ್ರಶ್ನೆ ಒಂದು ಶತಮಾನದ ಹಿಂದೆ ಅಮೆರಿಕದ ಕೃಷಿ ಇಲಾಖೆಯ ಇಬ್ಬರು ವಿಜ್ಞಾನಿಗಳನ್ನು ಕಾಡಿತ್ತು. ಗಾರ್ನರ್ ಮತ್ತು ಅಲಾರ್ಡ್ ಬೇರೆ ಬೇರೆ ದಿನ ಬಿತ್ತಿದ ಸೋಯಾ ಅವರೆಯ ಗಿಡಗಳು ಒಂದೇ ಕಾಲಕ್ಕೆ ಹೂ ಬಿಡುವುದನ್ನು ಕಂಡರು. ತಂಬಾಕಿನ ಒಂದು ತಳಿಯಂತೂ ಬೇಸಿಗೆಯಲ್ಲಿ ಹೂ ಬಿಡದೆ ಎತ್ತರಕ್ಕೆ ಬೆಳೆಯುತ್ತಲೇ ಹೋಗುತ್ತಿತ್ತು. ಗಿಡಗಳನ್ನು ಸಂಜೆಗೆ ಮೊದಲೇ ಕತ್ತಲೆ ಕೋಣೆಗೆ ಸೇರಿಸಿ ಹಗಲನ್ನು ಗಿಡ್ಡ ಮಾಡಿದಾಗ ಅವು ಹೂ ಬಿಟ್ಟವು. 1920ರಲ್ಲಿ ಅವರು ಈ ಫಲಿತಾಂಶ ಪ್ರಕಟಿಸಿದರು. ಗಿಡಗಳು ಹಗಲಿನ ಉದ್ದವನ್ನು ಗುರುತಿಸುತ್ತವೆ ಎಂಬುದು ಲೋಕಕ್ಕೆ ತಿಳಿಯಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಇರುಳನ್ನು ಎಂದು ತೋರಿಸಿದರು. ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಸಾಕು, ಲೆಕ್ಕ ತಪ್ಪುತ್ತದೆ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣವಸ್ತು ಈ ಬೆಳಕನ್ನು ಗುರುತಿಸುತ್ತದೆ.

ಅಫಜಲಪುರದ ಸುತ್ತ ಜೂನ್ ಕೊನೆಯಲ್ಲಿ ಹಗಲು ಸುಮಾರು 13 ಗಂಟೆ 10 ನಿಮಿಷ. ಡಿಸೆಂಬರ್ ಕೊನೆಯಲ್ಲಿ ಸುಮಾರು 11 ಗಂಟೆ 5 ನಿಮಿಷ. ನಡುವಿನ ಅಂತರ ಎರಡು ಗಂಟೆಯಷ್ಟೆ. ಮನುಷ್ಯರು ‘ಹೊತ್ತು ಬೇಗ ಮುಳುಗಿತು’ ಎಂದು ಹೇಳಿ ಸುಮ್ಮನಾಗುತ್ತಾರೆ. ಆದರೆ ಪುಂಡಿ, ಅವರೆ, ಸೇವಂತಿಗೆ ಇಷ್ಟು ಸಣ್ಣ ವ್ಯತ್ಯಾಸವನ್ನೇ ಹಿಡಿದು ವರ್ಷದ ಕೆಲಸ ಗೊತ್ತುಮಾಡಿಕೊಳ್ಳುತ್ತವೆ.

ಆಯಿಯ ಹಿತ್ತಲಿನಲ್ಲಿ ಇದಕ್ಕೆ ಸಾಕ್ಷಿಯೂ ಇತ್ತು. ಅವರದು ಹಳದಿ ಸೇವಂತಿಗೆಯ ಎರಡು ಪೊದೆ. ಒಂದು ಬೇವಿನ ಹಿಂದೆ ಕತ್ತಲಲ್ಲಿ, ಇನ್ನೊಂದು ಬೀದಿದೀಪದ ಬೆಳಕು ಬೀಳುವ ಗೋಡೆಯ ಬಳಿ. ಮೊದಲನೆಯದು ನವೆಂಬರಿನಲ್ಲಿ ಮೊಗ್ಗಾಗಿ ಅರಳಿದರೆ ಎರಡನೆಯದು ಎಲೆಯನ್ನಷ್ಟೇ ಬಿಡುತ್ತ ನಿಂತಿತ್ತು. ದೀಪದ ಕಡೆಯ ಪೊದೆಗೆ ದೃಷ್ಟಿಯಾಗಿದೆ ಎಂದು ಮನೆಯವರು ಅಂದುಕೊಂಡಿದ್ದರು. ವಿಜ್ಞಾನದ ಪಾಠ ಓದಿದ್ದ ಹುಡುಗಿ ಸಂಜೆ ಹೊತ್ತು ಮುಳುಗುವಾಗ ಆ ಪೊದೆಗೆ ಕಪ್ಪು ಬಟ್ಟೆ ಮುಚ್ಚಿ, ಬೆಳಿಗ್ಗೆ ತೆಗೆಯುತ್ತ ಬಂದಳು. ಮೂರು ನಾಲ್ಕು ವಾರಗಳಲ್ಲಿ ಮೊಗ್ಗು ಕಾಣಿಸಿದವು. ಆಯಿ ನಕ್ಕು, “ದೃಷ್ಟಿ ಆಗಿದ್ದು ಖರೆ, ದೀಪದ ದೃಷ್ಟಿ” ಎಂದರು. ಬೀದಿದೀಪದ ಹತ್ತಿರ ಮನೆಯಿರುವ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ತಾವೂ ಮಾಡಬಹುದು. ಖರ್ಚು ಏನೂ ಇಲ್ಲ, ತಾಳ್ಮೆ ಮಾತ್ರ ಬೇಕು.

ಕೋಲಿನ ನೆರಳು ಹೇಳುವ ಲೆಕ್ಕ

ಹಿತ್ತಲಿನಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯುವುದು ಇನ್ನೊಂದು ಸುಲಭ ಅಭ್ಯಾಸ. ಅಳೆಯಬೇಕಾದದ್ದು ಗಡಿಯಾರದ 12 ಗಂಟೆಗಲ್ಲ. ಭಾರತದ ಸಮಯ ಗೊತ್ತುಮಾಡುವ ರೇಖಾಂಶಕ್ಕಿಂತ ಈ ಸೀಮೆ ಪಶ್ಚಿಮಕ್ಕಿರುವುದರಿಂದ ಸೂರ್ಯ ನೆತ್ತಿಯ ರೇಖೆಗೆ ಬರುವುದು ಈ ತಿಂಗಳುಗಳಲ್ಲಿ ಸುಮಾರು 12 ಗಂಟೆ 20 ನಿಮಿಷಕ್ಕೆ. ಸೆಪ್ಟೆಂಬರ್ 23ರಂದು ಆ ಹೊತ್ತಿನ ನೆರಳು 31 ಸೆಂಟಿಮೀಟರ್ ಆದರೆ ಡಿಸೆಂಬರ್ 22ರಂದು 86 ಸೆಂಟಿಮೀಟರ್. ಮೂರು ತಿಂಗಳಲ್ಲಿ ನೆರಳು ಎರಡೂವರೆ ಪಟ್ಟಿಗಿಂತ ಹೆಚ್ಚು ಬೆಳೆಯಿತು.

ಸೂರ್ಯ ದಕ್ಷಿಣಕ್ಕೆ ವಾಲಿದ್ದರಿಂದ ಬಿಸಿಲು ಓರೆಯಾಗಿ ಬೀಳುತ್ತದೆ. ಒಂದು ಗೇಣು ನೆಲಕ್ಕೆ ಬೀಳುತ್ತಿದ್ದ ಬಿಸಿಲು ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ. ಹಗಲೂ ಗಿಡ್ಡ, ಬಿಸಿಲೂ ತೆಳು. ಚಳಿಯ ಮೂಲ ಇಷ್ಟೇ. ಎರಡು ಮೀಟರ್ ಎತ್ತರದ ಗೋಡೆಯ ಉತ್ತರ ಬದಿಯಲ್ಲಿ ಡಿಸೆಂಬರಿನ ನಡುಮಧ್ಯಾಹ್ನವೂ ಒಂದೂಮುಕ್ಕಾಲು ಮೀಟರಿನಷ್ಟು ನೆರಳು. ಅಲ್ಲಿ ಬಿತ್ತಿದ ಕೊತ್ತಂಬರಿ ಸೊರಗುತ್ತದೆ. ಆಯಿ ಮಳೆಗಾಲದ ಮಡಿಗಳನ್ನು ಬಿಟ್ಟು ಚಳಿಗಾಲದ ಮಡಿಗಳನ್ನು ಗೋಡೆಯಿಂದ ಮೂರು ಹೆಜ್ಜೆ ದೂರ ಮಾಡುತ್ತಾರೆ. ಅವರು ಕೋಲು ನೆಟ್ಟವರಲ್ಲ, ಸೂತ್ರ ಓದಿದವರಲ್ಲ. ಎಲ್ಲಿ ಕೊತ್ತಂಬರಿ ಬರುವುದಿಲ್ಲ ಎಂಬುದನ್ನು ಐವತ್ತು ಚಳಿಗಾಲ ನೋಡಿದವರು.

ಇಬ್ಬನಿ ಮತ್ತು ಕಡಲೆಯ ಹುಳಿ

ನವೆಂಬರ್ ನಡುವಿಗೆ ಬಂದರೆ ಬೆಳಗಿನ ಹಿತ್ತಲು ಬೇರೆಯೇ ಲೋಕ. ಜೇಡರ ಬಲೆಗಳಲ್ಲಿ ಹನಿಗಳ ಸರ. ಫರಸಿಯ ಮೇಲೆ ಕಾಲಿಟ್ಟರೆ ಒದ್ದೆ. ಬಾಲ ಕುಣಿಸುತ್ತ ಓಡಾಡುವ ಸಿಪಿಲೆ ಹಕ್ಕಿಗಳು ಬಚ್ಚಲ ನೀರಿನ ಬಳಿ ಹುಳು ಹೆಕ್ಕುತ್ತವೆ. ಇವುಗಳಲ್ಲಿ ಹಲವು ಹಿಮಾಲಯದ ಕಡೆಯಿಂದ, ಅದರಾಚೆಯಿಂದ ಚಳಿ ಕಳೆಯಲು ಬಂದ ಅತಿಥಿಗಳು. ಈ ಸೀಮೆಯ ಚಳಿ ಅವಕ್ಕೆ ಬೆಚ್ಚಗೆ!

ಇಬ್ಬನಿ ಮಳೆಯಂತೆ ಮೇಲಿನಿಂದ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಬೀಳುವುದಿಲ್ಲ, ಬಿದ್ದಲ್ಲೇ ಹುಟ್ಟುತ್ತದೆ. ಮೋಡವಿಲ್ಲದ ರಾತ್ರಿ ನೆಲ, ಎಲೆ, ತಗಡು ಎಲ್ಲವೂ ಹಗಲು ಪಡೆದ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತವೆ. ಅವನ್ನು ಮುಟ್ಟಿದ ಗಾಳಿಯ ನೀರಾವಿ ಹನಿಗಟ್ಟುತ್ತದೆ. ಹುಡುಗಿ ಎರಡು ಸ್ಟೀಲ್ ತಾಟುಗಳನ್ನು ರಾತ್ರಿ ಬೋರಲು ಹಾಕಿಟ್ಟಳು, ಒಂದು ಬಯಲಿನಲ್ಲಿ, ಒಂದು ಬೇವಿನ ಕೆಳಗೆ. ಬೆಳಿಗ್ಗೆ ಬಯಲಿನ ತಾಟು ಬೆವೆತಂತೆ ಒದ್ದೆ, ಬೇವಿನ ಕೆಳಗಿನದು ಒಣಗಿದ್ದಿತು. ಮರದ ಎಲೆಗಳು ಮೇಲಿನ ಚಾವಣಿಯಾಗಿ ಶಾಖವನ್ನು ಮರಳಿ ಕೆಳಗೆ ಕೊಟ್ಟಿದ್ದವು. ಮೋಡ ಕವಿದ ರಾತ್ರಿ ಚಳಿ ಕಡಿಮೆಯಾಗುವುದಕ್ಕೂ ಇದೇ ಕಾರಣ. ಆಕಾಶ ಶುಭ್ರವಿದ್ದು ಗಾಳಿ ಒಣಗಿದ್ದರೆ ಡಿಸೆಂಬರಿನ ಕೆಲವು ಬೆಳಗು ಇಲ್ಲಿ 10 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೂ ಇಳಿಯುತ್ತವೆ. ಬೇಸಿಗೆಯಲ್ಲಿ 40 ದಾಟುವ ಊರಿದು ಎಂದರೆ ಹೊರಗಿನವರು ನಂಬುವುದಿಲ್ಲ.

ಹೊಲದ ಕಡಲೆ ಗಿಡಗಳು ಇಬ್ಬನಿಗೆ ಇನ್ನೊಂದು ರುಚಿ ಸೇರಿಸುತ್ತವೆ. ಕಡಲೆಯ ಎಲೆ, ಕಾಂಡಗಳ ಮೇಲಿನ ಸಣ್ಣ ರೋಮಗಳ ತುದಿಯಲ್ಲಿ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲಗಳು ಜಿನುಗುತ್ತವೆ. ಗಿಡವನ್ನು ಸವರಿ ಬೆರಳು ನೆಕ್ಕಿದರೆ ಹುಳಿ. ಹಿಂದೆ ರಾತ್ರಿ ಹೊತ್ತು ಗಿಡಗಳ ಮೇಲೆ ತೆಳು ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ ಹುಳಿ ಸಂಗ್ರಹಿಸುತ್ತಿದ್ದರು. ಅದನ್ನು ಗಾಜಿನ ಶೀಸೆಯಲ್ಲಿ ಇಡುತ್ತಿದ್ದರೇ ಹೊರತು ತಾಮ್ರ, ಹಿತ್ತಾಳೆಯ ಪಾತ್ರೆಗೆ ಹಾಕುತ್ತಿರಲಿಲ್ಲ. ಆಮ್ಲ ಲೋಹವನ್ನು ತಿನ್ನುತ್ತದೆ ಎಂಬುದು ಅನುಭವದಿಂದ ಗೊತ್ತಿತ್ತು. ಹೊಟ್ಟೆನೋವಿಗೆ ಇದು ಮನೆಮದ್ದಾಗಿತ್ತು. ಆಕ್ಸಾಲಿಕ್ ಆಮ್ಲ ಹೆಚ್ಚಾದರೆ ಹಾನಿಕರ, ಆದ್ದರಿಂದ ಮಕ್ಕಳು ಪ್ರಯೋಗಕ್ಕೆಂದು ಕುಡಿಯಬಾರದು. ನೀಲಿ ಲಿಟ್ಮಸ್ ಕಾಗದ ಮುಟ್ಟಿಸಿ ಕೆಂಪಾಗುವುದನ್ನು ನೋಡಿದರೆ ಸಾಕು.

ಎಳೆಯ ಕಡಲೆಯ ಕುಡಿ ಚಿವುಟಿ ಪಲ್ಯ ಮಾಡುವುದು ಈ ತಿಂಗಳುಗಳ ಇನ್ನೊಂದು ಸಂಭ್ರಮ. ತುದಿಯ ಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಪಕ್ಕದ ಕವಲುಗಳನ್ನು ತಡೆಹಿಡಿದಿರುತ್ತದೆ. ತುದಿ ಹೋದರೆ ಕವಲು ಹೆಚ್ಚುತ್ತವೆ, ಕಾಯಿಯೂ ಹೆಚ್ಚುತ್ತವೆ. ತೊಗರಿಗೂ ಕುಡಿ ಚಿವುಟಲು ಈಗ ಕೃಷಿ ವಿಜ್ಞಾನಿಗಳು ಸಲಹೆ ಕೊಡುತ್ತಾರೆ. ಅಡುಗೆಮನೆಗೆ ಪಲ್ಯ, ಹೊಲಕ್ಕೆ ಲಾಭ.

ನದಿ ಒಯ್ದ ಬೀಜ, ಮಗಳು ಮರಳಿಸಿದ ಬೀಜ

ಈ ಹಿತ್ತಲಿನ ಅವರೆ ಈಗ ಇಲ್ಲಿರುವುದೇ ಒಂದು ಆಶ್ಚರ್ಯ. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ದಂಡೆ ದಾಟಿ, ತೆಲಂಗಾಣ, ಉತ್ತರ ಕರ್ನಾಟಕಗಳ ಮೇಲೆ ಹಾದು ಮಹಾರಾಷ್ಟ್ರದ ಕಡೆಗೆ ಸಾಗಿತು. ಮಳೆ ಮುಗಿಯಬೇಕಾದ ಹೊತ್ತಿನಲ್ಲಿ ಮಳೆ ಸುರಿಯಿತು. ಮೇಲಿನ ಉಜನಿ, ವೀರ ಜಲಾಶಯಗಳಿಂದ ನೀರು ಬಿಟ್ಟರು. ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು. ತೊಗರಿ, ಹತ್ತಿ, ಕಬ್ಬು ನೀರಿನಲ್ಲಿ ನಿಂತವು.

ಆಯಿಯ ಮನೆಯವರು ದನಕರು ಬಿಚ್ಚಿಕೊಂಡು ಎತ್ತರದ ಶಾಲೆಗೆ ಹೋದರು. ನೀರು ಇಳಿದ ಮೇಲೆ ಮರಳಿ ಬಂದಾಗ ಹಿತ್ತಲಿನಲ್ಲಿ ಮೊಣಕಾಲುದ್ದ ರಾಡಿ. ಬೇವು, ಪೇರಲ ಉಳಿದಿದ್ದವು. ಬಳ್ಳಿಗಳೆಲ್ಲ ಕೊಳೆತಿದ್ದವು. ಹಿಂದಿನ ಕೋಣೆಯಲ್ಲಿದ್ದ ಬೀಜದ ಗಡಿಗೆಗಳಲ್ಲಿ ಒಂದೂ ಉಳಿದಿರಲಿಲ್ಲ. ಪಾತ್ರೆ, ಬಟ್ಟೆ ಹೋದದ್ದಕ್ಕೆ ಅಳದ ಆಯಿ ಗಡಿಗೆಗಳಿಗಾಗಿ ಅತ್ತರು. ಆ ಅವರೆ ಅವರು ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ಕಡುಗೆಂಪು ಅಂಚಿನ ಕಾಯಿ, ಸುಗಂಧದ ಕಾಳು, ಸಂತೆಯಲ್ಲಿ ಸಿಗುವಂಥದ್ದಲ್ಲ.

ಮುಂದಿನ ಬೇಸಿಗೆಯಲ್ಲಿ ಆಳಂದ ತಾಲೂಕಿಗೆ ಕೊಟ್ಟ ಮಗಳು ತವರಿಗೆ ಬಂದಳು. ಅವಳ ಊರು ಅಮರ್ಜಾ ನದಿಯ ಕಡೆಗೆ, ನೆರೆ ತಲುಪದ ಎತ್ತರದ ನೆಲ. ಚೀಲದಿಂದ ಒಂದು ಚಿಂದಿ ಗಂಟು ತೆಗೆದು ಅವ್ವನ ಕೈಗಿಟ್ಟಳು. ಬಿಚ್ಚಿದರೆ ಬೂದಿಯಲ್ಲಿ ಹೊರಳಿದ ಅವರೆ ಕಾಳು. ಇಪ್ಪತ್ತು ವರ್ಷದ ಹಿಂದೆ ಆಯಿಯೇ ಮಗಳಿಗೆ ಕೊಟ್ಟು ಕಳಿಸಿದ್ದ ಬೀಜದ ವಂಶ ಅದು. ಅಮರ್ಜಾ ನದಿ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಒಯ್ದದ್ದನ್ನು ಅಮರ್ಜೆ ಮರಳಿಸಿತು ಎಂದು ಓಣಿಯ ಹೆಂಗಸರು ಆಡಿಕೊಂಡರು.

ಬೀಜಕ್ಕೆ ಬೂದಿ ಸವರುವುದರಲ್ಲೂ ವಿಜ್ಞಾನವಿದೆ. ಕಾಳು ಕೊರೆಯುವ ನುಸಿಯ ಮೈಮೇಲೆ ಮೇಣದಂಥ ತೆಳು ಪೊರೆ ಇರುತ್ತದೆ. ಬೂದಿಯ ಚೂಪು ಕಣಗಳು ಅದನ್ನು ಉಜ್ಜಿ ಹಾಕುತ್ತವೆ, ನುಸಿ ಮೈನೀರು ಆರಿ ಸಾಯುತ್ತದೆ. ಚಳಿಗಾಲದ ಒಣ ಬಿಸಿಲಿನಲ್ಲಿ ಕಾಳಿನ ತೇವ ಚೆನ್ನಾಗಿ ಆರಿದ್ದರೆ ಮಾತ್ರ ಮುಂದಿನ ಮಳೆಗಾಲಕ್ಕೆ ಅದು ಮೊಳೆಯುತ್ತದೆ. ಹಿತ್ತಲಿಗೆ ಚಳಿಗಾಲ ಬೇಕಾಗುವುದು ಬೆಳೆಯಲಿಕ್ಕೆ ಮಾತ್ರವಲ್ಲ, ಉಳಿಯಲಿಕ್ಕೂ.

ಜೇವರ್ಗಿಯ ಹೊಲದಲ್ಲಿ ಎಳ್ಳ ಅಮಾವಾಸ್ಯೆ

ಮಾರ್ಗಶಿರದ ಹುಣ್ಣಿಮೆಗೆ ಗಾಣಗಾಪುರದಲ್ಲಿ ದತ್ತ ಜಯಂತಿ. ಚಳಿಯಲ್ಲಿ ನಡುಗುತ್ತ ಸಂಗಮದಲ್ಲಿ ಮೀಯುವ ಭಕ್ತರ ಸಾಲು ಕರಗಿ ಹದಿನೈದು ದಿನಕ್ಕೆ ಎಳ್ಳ ಅಮಾವಾಸ್ಯೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಈ ಹಬ್ಬ ಇಲ್ಲಿಯ ರೈತರಿಗೆ ಯಾವ ಹಬ್ಬಕ್ಕೂ ಕಡಿಮೆಯಲ್ಲ. ಆ ವರ್ಷ ಆಯಿ, ಮೊಮ್ಮಗಳು, ಆಳಂದದ ಅತ್ತಿ ಎಲ್ಲರೂ ಚರಗಕ್ಕೆ ಹೋದದ್ದು ಹುಡುಗಿಯ ಸೋದರಮಾವನ ಹೊಲಕ್ಕೆ, ಜೇವರ್ಗಿ ತಾಲೂಕಿಗೆ. ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿಯ ಸೀಮೆ ಅದು. ಬೆಳೆಗೆ ಬಂದ ಹಕ್ಕಿಗಳನ್ನು ಓಡಿಸದೆ ತಿನ್ನಲು ಬಿಟ್ಟರೆಂಬ ಶರಣರ ಕಥೆಯನ್ನು ಅಲ್ಲಿಯ ಮಕ್ಕಳು ಚಿಕ್ಕಂದಿನಿಂದ ಕೇಳಿರುತ್ತಾರೆ.

ಮಾವನ ಹೊಲ ಎರಡು ಬಗೆಯದು. ರಸ್ತೆಯ ಈಚೆ ಬರೀ ತೊಗರಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಜಿಲ್ಲೆಯ ಹೆಸರೇ ಅದರ ಮೇಲೆ ನಿಂತಿದೆ. ಆದರೆ ಒಂದೇ ಬೆಳೆಯನ್ನು ನಂಬಿದವರ ಎದೆ ನವೆಂಬರ್ ಬಂದರೆ ಡವಗುಟ್ಟುತ್ತದೆ. ಹೂ ಕಾಯಿಯಾಗುವ ಹೊತ್ತಿಗೆ ಮೋಡ ಕವಿದರೆ ಕಾಯಿಕೊರಕ ಹುಳು ಬೀಳುತ್ತದೆ. ಔಷಧಿಗೆ ಹುಳು ಬಗ್ಗದಾದಾಗ ಗೋಣಿ ತಟ್ಟು ಹಾಸಿ, ಗಿಡ ಅಲುಗಾಡಿಸಿ, ಉದುರಿದ ಹುಳುಗಳನ್ನು ಬಳಿದು ನಾಶಮಾಡುವ ಹಳೆಯ ಪದ್ಧತಿಗೆ ಈ ಜಿಲ್ಲೆಯ ರೈತರು ಮರಳಿದ್ದುಂಟು. 2022ರಲ್ಲಿ ನೆಟೆ ರೋಗ ಬಂದು ಕಾಯಿ ತುಂಬಿದ ಗಿಡಗಳು ನಿಂತಲ್ಲೇ ಒಣಗಿದವು. ಮಾವನ ಅರ್ಧ ಹೊಲ ಹೋಯಿತು.

ರಸ್ತೆಯ ಆಚೆಯ ಹೊಲ ಹಾಗಲ್ಲ. ಅಲ್ಲಿ ಹೊಡೆ ಹಿರಿದ ಜೋಳ, ನಡುನಡುವೆ ಕಡಲೆಯ ಸಾಲು, ಅಂಚಿಗೆ ಮುಳ್ಳಿನ ಕುಸುಬೆ. ದನ ನುಗ್ಗದಂತೆ ಕುಸುಬೆಯೇ ಬೇಲಿ. ಒಂದು ಪಟ್ಟಿ ಅಗಸೆ. ಅದರ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಎಸಳು ಉದುರಿಸುತ್ತದೆ. ನೋಡಬೇಕೆಂದರೆ ಬೇಗ ಏಳಬೇಕು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ ಎಂಬ ಲೆಕ್ಕದ ಹೊಲ ಇದು, ಹಿತ್ತಲಿನ ದೊಡ್ಡಣ್ಣ.

ಜೋಳದ ನಡುವೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಎಲ್ಲರೂ ಊಟಕ್ಕೆ ಕುಳಿತರು. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ, ಎಲ್ಲಕ್ಕೂ ನಡುವೆ ಬಜ್ಜಿ ಪಲ್ಯ. ಬಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಆ ತಿಂಗಳು ಹಿತ್ತಲು, ಹೊಲ ಕೊಟ್ಟ ಕಾಳು, ಸೊಪ್ಪು, ಕಾಯಿಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿ, ಹುಣಸೆ ಹುಳಿ, ಕಡಲೆ ಹಿಟ್ಟು ಕೂಡಿಸಿದ್ದು. ಹುಡುಗಿ ಪಾತ್ರೆಯೊಳಗಿನದನ್ನು ಎಣಿಸಿದಳು. ಹಸಿ ಕಡಲೆ, ಹಸಿ ತೊಗರಿ, ಕಡಲೆ ಕುಡಿ ಮಾವನ ಹೊಲದವು. ಮೆಂತ್ಯ, ಸಬ್ಬಸಿಗೆ, ಉಳ್ಳಾಗಡ್ಡಿ ತಪ್ಪಲು, ಬದನೆಕಾಯಿ, ಅವರೆ ಅಫಜಲಪುರದ ಹಿತ್ತಲಿನವು. ಶೇಂಗಾ, ಪಾಲಕ ಆಳಂದದ ಅತ್ತಿ ತಂದವು. ಸಂತೆಯಿಂದ ಕೊಂಡದ್ದು ಗಜ್ಜರಿ, ಬಟಾಣಿ ಎರಡೇ. ಪಕ್ಕದ ಹೊಲದವರ ಬಜ್ಜಿಯೂ ರುಚಿಯಾಗಿತ್ತು. ಅವರದು ಹತ್ತರಲ್ಲಿ ಎಂಟು ಸಂತೆಯದು. “ನಮ್ಮ ಹಿತ್ತಲ ಈಗ ಸಿಮೆಂಟ್ ಆಗ್ಯಾದ ಆಯಿ” ಎಂದು ಆ ಮನೆಯ ಸೊಸೆ ನಗುತ್ತಲೇ ಹೇಳಿದಳು. ನಗು ಪೂರ್ತಿ ನಗುವಾಗಿರಲಿಲ್ಲ.

ಆರು ಅಡಿಯ ಹೊಸ ಹಿತ್ತಲು

ಈ ಮಾತು ಆಯಿಗೆ ನಾಟಿದ್ದಕ್ಕೆ ಕಾರಣವಿದೆ. ಅವರ ಮನೆಯವರೂ ನದಿಗೆ ಹೆದರಿ ಊರಾಚೆಯ ಎತ್ತರದಲ್ಲಿ ಸಣ್ಣ ನಿವೇಶನ ಮಾಡಿಕೊಂಡಿದ್ದಾರೆ. ಬರುವ ಮಳೆಗಾಲಕ್ಕೆ ಮೊದಲು ಹೊಸ ಮನೆಗೆ ಹೋಗಬೇಕು. ಹೋಗುವುದು ಸರಿಯೇ. ನೀರು ಬಂದ ರಾತ್ರಿ ಎಮ್ಮೆಯ ಕೊರಳ ಹಗ್ಗ ಬಿಚ್ಚಲು ಪರದಾಡಿದವರಿಗೆ ಅದನ್ನು ಯಾರೂ ಹೇಳಬೇಕಿಲ್ಲ. ಆದರೆ ಅಲ್ಲಿ ಮನೆಯ ಹಿಂದೆ ಉಳಿಯುವುದು ಆರು ಅಡಿ ಅಗಲದ ಪಟ್ಟಿ. ಅದಕ್ಕೂ ಫರಸಿ ಹಾಸಿಬಿಟ್ಟರೆ ಕಸ ಗುಡಿಸುವುದು ಸುಲಭ ಎಂದು ಮಗನ ಅಭಿಪ್ರಾಯವಾಗಿತ್ತು.

ಹೊಲದಿಂದ ಮರಳಿದ ವಾರ ಹುಡುಗಿ ತನ್ನ ಒಂದು ಮೀಟರ್ ಕೋಲು ಹಿಡಿದು ಹೊಸ ಮನೆಯ ಹಿಂದೆ ಹೋದಳು. ಆ ಪಟ್ಟಿ ಇದ್ದುದು ಮನೆಯ ದಕ್ಷಿಣಕ್ಕೆ. ಮಧ್ಯಾಹ್ನದ ನೆರಳು ಅಳೆದು, ಎದುರಿನ ಗಿಡ್ಡ ಗೋಡೆಯ ನೆರಳು ಎಲ್ಲಿಯವರೆಗೆ ಬರುತ್ತದೆ ಎಂದು ಗೆರೆ ಎಳೆದಳು. ಗೆರೆಯ ಈಚೆ ನಾಲ್ಕು ಅಡಿ ಚಳಿಗಾಲದಲ್ಲೂ ಬಿಸಿಲು. ಬೀದಿದೀಪ ಮನೆಯ ಇನ್ನೊಂದು ಬದಿಗೆ, ಬೆಳಕು ಇತ್ತ ಬೀಳುವುದಿಲ್ಲ. ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಪ್ಪನಿಗೆ ತೋರಿಸಿ, “ಇಷ್ಟು ಜಾಗಾ ಬಿಡ್ರಿ ಅಪ್ಪಾ, ಅವರಿ ಮಾಳಗಿ ಮ್ಯಾಲ ಹಬ್ಬಸ್ತೀವಿ” ಎಂದಳು. ಅಪ್ಪ ಗೆರೆಯನ್ನು ನೋಡಿದರು, ಅವ್ವನ ಮುಖ ನೋಡಿದರು, ನಾಲ್ಕು ಅಡಿ ಬಿಡಲು ಒಪ್ಪಿದರು.

ಜನವರಿಯ ಬಿಸಿಲಿನಲ್ಲಿ ಈಗ ಹಳೆಯ ಹಿತ್ತಲಿನ ಫರಸಿಯ ಮೇಲೆ ಅವರೆ ಕಾಯಿ ಒಣಗುತ್ತಿವೆ. ಎಲೆ ಉದುರಲು ಇನ್ನೂ ಎರಡು ತಿಂಗಳಿದೆ. ಆಯಿ ಕಾಳು ಬಿಡಿಸಿ ಮೂರು ಪಾಲು ಮಾಡುತ್ತಿದ್ದಾರೆ. ಒಂದು ಹೊಸ ಮನೆಗೆ, ಒಂದು ಆಳಂದಕ್ಕೆ, ಒಂದು ಜೇವರ್ಗಿಗೆ. ಮೂರು ತಾಲೂಕಿನಲ್ಲಿ ಬೀಜ ಇದ್ದರೆ ಯಾವ ನದಿಯೂ ಮೂರನ್ನೂ ಒಮ್ಮೆಗೇ ಒಯ್ಯಲಾರದು ಎಂಬುದು ಅವರ ಲೆಕ್ಕ. ಮೊಮ್ಮಗಳು ಬೂದಿ ಜರಡಿ ಹಿಡಿಯುತ್ತಿದ್ದಾಳೆ.